ಅತ್ತೆಯ ಸೇವಂತಿಗೆಗೆ ಹಾಕಿದ ನೀರು

ಏಳು ತಿಂಗಳು ನಾನು ಫೋನಿನಲ್ಲಿ ಒಂದೇ ಸುಳ್ಳು ಹೇಳಿದೆ. ಸಂಜೆ ಶಾಲೆಯಿಂದ ಬಂದು ಕಾಫಿಗೆ ಇಡುವ ಹೊತ್ತಿಗೆ ಅತ್ತೆಯ ಫೋನು ಬರುತ್ತಿತ್ತು. ಸೊಂಟ ಮುರಿದುಕೊಂಡು ಕೆ.ಆರ್.ಪೇಟೆಯ ಕಡೆ ಮಗಳ ಮನೆಯಲ್ಲಿ ಮಲಗಿದ್ದ ಅವರು, ತಮ್ಮ ಮಗ ಹೇಗಿದ್ದಾನೆ ಎಂದು ಕೇಳುವ ಮೊದಲು ಸೇವಂತಿಗೆ ಹೇಗಿದೆ ಎಂದು ಕೇಳುತ್ತಿದ್ದರು.

"ಚೆನ್ನಾಗವೆ ಅತ್ತೆ, ಚಿಗುರ್ತಾ ಅವೆ."

ನಾನು ಮಕ್ಕಳಿಗೆ ಕನ್ನಡ ಪಾಠ ಹೇಳುವವಳು, ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುವವಳು. ನನ್ನನ್ನು ಯಾರೂ ನಿಲ್ಲಿಸಲಿಲ್ಲ.

ಆ ಸೇವಂತಿಗೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಸಂತೆಯಲ್ಲಿ ಮಾರಿನ ಲೆಕ್ಕದಲ್ಲಿ ಸಿಗುವ ಜಾತಿಯಲ್ಲ. ಹೂವು ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಬಣ್ಣ ಅರಿಶಿನ. ಕಂಡವರು ಎರಡನೇ ಸಲ ತಿರುಗಿ ನೋಡುವಂಥದ್ದೇನಲ್ಲ. ಆದರೆ ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಬರುವ ವಾಸನೆ ಬೇರೆ ಯಾವ ಸೇವಂತಿಗೆಗೂ ಇರಲಿಲ್ಲ. ಕಹಿ, ಅದರ ಹಿಂದೆ ಓಮಿನ ಕಾಳಿನ ಘಾಟು, ಸೋಪು ಹಾಕಿ ತೊಳೆದರೂ ಬೆರಳಿನಲ್ಲೇ ಉಳಿಯುತ್ತಿತ್ತು. ದೀಪಾವಳಿಗೆ ಹೂ ಬಿಟ್ಟು, ಸಂಕ್ರಾಂತಿ ಹೊತ್ತಿಗೆ ಒಣಗಿದ ಕಡ್ಡಿಯನ್ನು ಗೇಣುದ್ದ ಬಿಟ್ಟು ಕತ್ತರಿಸಿದರೆ, ಬುಡದ ಸುತ್ತ ಕಂದುಗಳು ಏಳುತ್ತಿದ್ದವು, ಬಾಳೆಗೆ ಏಳುವ ಹಾಗೆ. ಬೇಸಿಗೆಯಲ್ಲಿ ಆ ಕಂದುಗಳನ್ನು ಉಳಿಸಿಕೊಂಡು ಮುಂಗಾರಿಗೆ ಬಿಡಿಸಿ ನೆಟ್ಟರೆ ಮತ್ತೆ ದೀಪಾವಳಿಗೆ ಹೂವು. ಅತ್ತೆಗೆ ಅದು ಅವರ ಅತ್ತೆಯಿಂದ ಬಂದಿತ್ತು. ಆ ಅತ್ತೆಗೆ ಎಲ್ಲಿಂದ ಬಂತೋ, ಕೇಳಿದವರಿಲ್ಲ.

ಅದಕ್ಕೊಂದು ಕಟ್ಟಳೆ ಇತ್ತು. ಆ ಹೂವಿನ ಕಂದು ಅತ್ತೆಯಿಂದ ಸೊಸೆಗೆ ಹೋಗಬೇಕು, ಮನೆ ಬಿಟ್ಟು ಹೋಗುವ ಹೆಣ್ಣುಮಗಳಿಗಲ್ಲ, ಅಕ್ಕಪಕ್ಕದವರಿಗಂತೂ ಅಲ್ಲವೇ ಅಲ್ಲ. ನನ್ನ ನಾದಿನಿ ಮದುವೆಯಾಗಿ ಹೊರಟ ದಿನ ಒಂದು ಕಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನೊಳಗೆ ಇಟ್ಟುಕೊಂಡಿದ್ದಳು. ಅತ್ತೆಗೆ ಅದು ಹೇಗೆ ಗೊತ್ತಾಯಿತೋ, ಎಲ್ಲರೆದುರು ಬ್ಯಾಗು ಬಿಚ್ಚಿಸಿ ತೆಗೆದು ವಾಪಸ್ಸು ನೆಟ್ಟರು. ಮದುಮಗಳು ಅತ್ತಳು. ತವರು ಬಿಡುವುದಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು ಬಂದವರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಆವತ್ತು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅತ್ತೆಯದು ನಾಗಮಂಗಲದ ಕಡೆಯ ಊರು, ರಾಗಿ ಹುರುಳಿಯ ನೆಲ. ಅಲ್ಲಿ ಊಟ ಮಾಡಿ ಕೈ ತೊಳೆಯುವುದಿದ್ದರೂ ಗಿಡದ ಬುಡದ ಮೇಲೆ ತೊಳೆಯುತ್ತಿದ್ದರು. ನಾನು ಕಿರಂಗೂರಿನವಳು. ನಮ್ಮ ಮನೆಯ ಹಿಂದೆಯೇ ಕಾಲುವೆ. ಭತ್ತ ಹಳದಿಯಾದರೂ, ಕಬ್ಬು ಸೊರಗಿದರೂ, ಬದುವಿನ ಬಾಳೆ ತಲೆ ಬಗ್ಗಿಸಿದರೂ ನಮ್ಮಪ್ಪನ ಬಾಯಲ್ಲಿ ಒಂದೇ ಮಾತು: "ಒಂದ್ ನೀರು ಕಟ್ಟುದ್ರೆ ಎದ್ದು ಕೂತ್ಕತದೆ ಬುಡು." ನಮ್ಮವರಿಗೆ ಜ್ವರ ಬಂದವರನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ನೀರೇ ಮದ್ದು. ಮದುವೆಯಾದ ಹೊಸತರಲ್ಲಿ ನಾನು ಸೇವಂತಿಗೆಗೆ ಒಂದು ಬಿಂದಿಗೆ ನೀರು ಸುರಿದಾಗ ಅತ್ತೆ ಬಿಂದಿಗೆಯನ್ನೇ ಕಿತ್ತುಕೊಂಡಿದ್ದರು.

"ಬಿಸ್ಲು ಇದ್ರ ಊಟ ಕಣಮ್ಮಿ, ನೀರು ಔಸ್ದಿ. ಔಸ್ದಿನ ಊಟದಂಗೆ ಬಡಿಸ್ಬ್ಯಾಡ."

ಆಮೇಲೆ ನನ್ನನ್ನು ಅವರು ನಾಲೆ ಹೆಣ್ಣು ಎಂದೇ ರೇಗಿಸುತ್ತಿದ್ದರು. ಗಂಡನ ಕೆಲಸದ ಸಲುವಾಗಿ ನಾವು ಬಾಬುರಾಯನಕೊಪ್ಪಲಿಗೆ ಬಂದು ಮನೆ ಮಾಡಿದಾಗ ಅತ್ತೆ ತಮ್ಮ ಜೊತೆ ತಂದದ್ದು ಒಂದು ಟ್ರಂಕು, ನಾಲ್ಕು ಅಗಲ ಬಾಯಿಯ ಮಣ್ಣಿನ ಬಾನಿ. ಊರಿನ ಸೇವಂತಿಗೆ ಪೊದೆಯನ್ನು ಪೂರ್ತಿ ಅಗೆದು ಅದರಲ್ಲಿ ತಂದಿದ್ದರು, ಬೇರಿನ ಚೂರೂ ಅಲ್ಲಿ ಬಿಟ್ಟಿರಲಿಲ್ಲ. ಬಾನಿಗಳನ್ನು ತಾರಸಿಯ ಮೇಲೆ ಬಟಾಬಯಲು ಬಿಸಿಲಿನಲ್ಲಿ ಇಟ್ಟರು. ಮಧ್ಯಾಹ್ನ ಎಲೆ ಜೋತು ಬೀಳುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಅತ್ತೆ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಸಂಜೆ ತಂಪಾಗುತ್ತಲೇ ಗಿಡ ತಾನೇ ನೆಟ್ಟಗಾಗುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಒಂದು ಚೊಂಬು ನೀರು, ಅಷ್ಟೇ.

ಶಿವರಾತ್ರಿ ಕಳೆದ ವಾರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಮೂರು ತಿಂಗಳು ಎತ್ತಿ ಕೂರಿಸಿ ಇಳಿಸುವವರು ಬೇಕು ಎಂದರು ಡಾಕ್ಟರು. ನನ್ನ ಗಂಡ ಅವ್ವನ ಮಾತು ಬಂದರೆ ಟೀವಿಯ ಸೌಂಡು ಜಾಸ್ತಿ ಮಾಡುವ ಜಾತಿ. ಮಾತಾಡಬೇಕಾದವಳು ನಾನು. ಮಾತಾಡಿದೆ. ನಮ್ಮನೆ ಮೆಟ್ಟಿಲು ಎತ್ತರ, ನನಗೆ ಶಾಲೆ, ಪರೀಕ್ಷೆ ಹತ್ತಿರ, ನಾದಿನಿಯ ಮನೆಯಾದರೆ ನೆಲಮಟ್ಟ, ಕುರ್ಚಿಯಂತೆ ಕೂರುವ ಕಕ್ಕಸೂ ಇದೆ. ಎಲ್ಲವೂ ನಿಜವೇ. ಆದರೆ ನಿಜವಾದ ಕಾರಣ ಅದಲ್ಲ. ನನಗೆ ಹೆದರಿಕೆಯಾಗಿತ್ತು. ಮಲಗಿದವರ ಸೇವೆ ನನ್ನ ಕೈಲಾಗದು ಎನ್ನಿಸಿತ್ತು, ಅಸಹ್ಯವೂ ಆಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾದಿನಿಯ ಮನೆ ಕೆ.ಆರ್.ಪೇಟೆಯಿಂದ ಗೋವಿಂದನಹಳ್ಳಿಗೆ ಹೋಗುವ ದಾರಿಯಲ್ಲಿ. ಅತ್ತೆಯನ್ನು ಮಂಚದ ಮೇಲೆ ಮಲಗಿಸಿ ಹೊರಟಾಗ ಅವಳು ನನ್ನನ್ನು ಗೇಟಿನವರೆಗೆ ಕಳಿಸಲು ಬಂದಳು.

"ಅಲ್ಲ ಅತ್ಗೆ, ಅವತ್ತು ನಂಗೊಂದು ಕಂದು ಕೊಡ್ನಿಲ್ಲ ನಮ್ಮವ್ವ," ಎಂದು ನಕ್ಕಳು. "ಕೊನೇಗೆ ನೋಡು, ಊವ ನಿಂಗೆ, ಅವ್ವ ನಂಗೆ."

ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಬಾಬುರಾಯನಕೊಪ್ಪಲಲ್ಲಿ ಇಳಿಯುವಷ್ಟರಲ್ಲಿ ನಿಶ್ಚಯ ಮಾಡಿದ್ದೆ. ಅತ್ತೆಯನ್ನು ನೋಡಿಕೊಳ್ಳಲಿಲ್ಲ, ಅವರ ಹೂವನ್ನಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು.

ನೋಡಿಕೊಂಡೆ. ಬೆಳಿಗ್ಗೆ ಎದ್ದವಳೇ ನೀರು, ಸಂಜೆ ಬಂದವಳೇ ನೀರು. ಮಧ್ಯಾಹ್ನ ಬಾಡಿದ ಎಲೆ ನೋಡಿದರೆ ನನಗೆ ಮಂಚದ ಮೇಲಿನ ಅತ್ತೆ ಕಾಣುತ್ತಿದ್ದರು. ಒಂದು ಭಾನುವಾರ ತಡೆಯಲಾಗದೆ ಗಂಡನನ್ನು ಎಬ್ಬಿಸಿ ನಾಲ್ಕೂ ಬಾನಿಗಳನ್ನು ತಾರಸಿಯಿಂದ ಇಳಿಸಿ ಮೆಟ್ಟಿಲ ಕೆಳಗಿನ ನೆರಳಿಗೆ ತಂದಿಟ್ಟೆ. ನಲ್ಲಿಯೂ ಅಲ್ಲೇ ಹತ್ತಿರ. ಎಲೆಗಳು ಹಸಿರಾಗಿ ನಿಗುರಿ ನಿಂತವು. ಆ ವಾರವೆಲ್ಲ ನಾನು ಅತ್ತೆಗೆ ಹೇಳಿದ್ದು ಸುಳ್ಳಲ್ಲ. ನಿಜವಾಗಲೂ ಚಿಗುರುತ್ತಿದ್ದವು.

ಯುಗಾದಿ ಕಳೆದ ಮೇಲೆ ಮೊದಲನೆಯ ಬಾನಿಯಲ್ಲಿ ಎಲೆ ಜೋತಿತು. ಸಂಜೆಯಾದರೂ ಏಳಲಿಲ್ಲ. ಏನು ಮಾಡಿದೆ? ಇನ್ನೊಂದು ಚೊಂಬು ಹಾಕಿದೆ. ಮರುದಿನ ಎರಡನೆಯದು. ಅದಕ್ಕೂ ಹಾಕಿದೆ. ನಾಲ್ಕನೇ ದಿನ ಒಂದು ಕಂದನ್ನು ಹಿಡಿದು ಮೆಲ್ಲಗೆ ಎಳೆದು ನೋಡಿದರೆ, ತಡೆಯೇ ಇಲ್ಲದೆ ಕೈಗೆ ಬಂತು. ಬುಡ ಕಪ್ಪಾಗಿತ್ತು. ಬೇರು ಬೆರಳಿಗೆ ಲೋಳೆಯಾಗಿ ಅಂಟಿತು. ಆ ಓಮಿನ ವಾಸನೆ ಹೋಗಿ ಚರಂಡಿಯ ವಾಸನೆ ಬಂದಿತ್ತು.

ಶ್ರೀರಂಗಪಟ್ಟಣದ ಗೊಬ್ಬರದ ಅಂಗಡಿಗೆ ಓಡಿದೆ. ಕೊಳೆತ ಕಂದನ್ನು ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರು ಅದನ್ನು ಮುಟ್ಟದೆ ನೋಡಿದರು.

"ಏನ್ ಮೇಡಂ, ಗಿಡ ಸಾಕುದ್ರಾ, ಮೀನು ಸಾಕುದ್ರಾ?" ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಅತಿಯಾದ್ರೆ ಅಮೃತಾನೂ ವಿಷ. ನೀರು ನಿಲ್ಸಿ, ಬಿಸ್ಲಿಗಿಡಿ. ಈ ಪುಡಿ ಕದಡಿ ಬುಡುಕ್ಕೆ ಹುಯ್ಯಿ. ಉಳೀತದೆ ಅಂತ ನಾನ್ ಹೇಳಾಕಿಲ್ಲ."

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕೋಟೆಯಿರುವ ಊರಿನ ಮಗ್ಗುಲಲ್ಲೇ ಇದ್ದುಕೊಂಡು ನಾನು ಅದನ್ನೇ ಮಾಡಿದೆ. ಬಾನಿಗಳನ್ನು ಮತ್ತೆ ತಾರಸಿಗೆ ಹೊರಿಸಿದೆ. ಪುಡಿ ಹಾಕಿದೆ, ಬೂದಿ ಹಾಕಿದೆ, ಅರಿಶಿನ ಹಾಕಿದೆ. ಬದುಕಿದ ಹಾಗೆ ಕಂಡ ಐದು ಕಂದುಗಳ ಕೊಳೆತ ಭಾಗ ಬ್ಲೇಡಿನಲ್ಲಿ ಕತ್ತರಿಸಿ ಮರಳಿನಲ್ಲಿ ನೆಟ್ಟೆ. ಮನೆದೇವರಿಗೆ ಹರಕೆ ಹೊತ್ತೆ. ಸೇವಂತಿಗೆಗೆ ಹರಕೆ ಹೊತ್ತವಳು ಸುತ್ತ ಹತ್ತೂರಲ್ಲಿ ನಾನೊಬ್ಬಳೇ ಇರಬೇಕು. ಐದರಲ್ಲಿ ಮೂರು ಎರಡೇ ದಿನಕ್ಕೆ ಹೋದವು, ನಾಲ್ಕನೆಯದು ವಾರಕ್ಕೆ ಹೋಯಿತು. ಐದನೆಯದು ಬಸವ ಜಯಂತಿಯವರೆಗೆ ಹಸಿರಾಗಿತ್ತು. ಅದನ್ನು ಗಂಟೆಗೊಮ್ಮೆ ನೋಡುತ್ತಿದ್ದೆ, ಮುಟ್ಟುತ್ತಿರಲಿಲ್ಲ, ನನ್ನ ಕೈಯ ಮೇಲೆಯೇ ನನಗೆ ನಂಬಿಕೆ ಹೋಗಿತ್ತು. ಒಂದು ಬೆಳಿಗ್ಗೆ ಅದೂ ಮಲಗಿತ್ತು.

ಅಷ್ಟರಲ್ಲಿ ಬೇಸಿಗೆ ರಜೆ ಬಂದಿತ್ತು. ಈಗ ಅತ್ತೆಯನ್ನು ಕರೆತರಬಹುದಿತ್ತು. ಅವರೂ ಕೇಳಿದರು.

"ನಿಂಗೀಗ ರಜ ಅಲ್ವಾ ಅಮ್ಮಿ? ವಾಕರ್ ಇಡ್ಕಂಡು ನಡೀತಿವ್ನಿ. ಯಾವತ್ ಬತ್ತೀಯ ಕರ್ಕೊಂಡೋಗಕೆ?"

"ಇನ್ನೊಂಚೂರು ಗಟ್ಟಿಯಾಗಿ ಅತ್ತೆ. ಮೆಟ್ಲು ಹತ್ಬೇಕಲ್ಲ."

ಮೊದಲು ಅವರನ್ನು ಕಳಿಸಿದ್ದು ನನ್ನ ಸುಖಕ್ಕೆ. ಈಗ ಕರೆತರದಿದ್ದದ್ದು ನನ್ನ ಭಯಕ್ಕೆ. ಅವರು ಬಂದರೆ ಮೊದಲು ಕೇಳುವುದು ಬಾನಿ. ಬಾನಿಯಲ್ಲಿ ಬರೀ ಮಣ್ಣು. ಒಂದು ಕಂದು ಸಿಕ್ಕಿಬಿಟ್ಟರೆ ಸಾಕು, ಅವರನ್ನು ಹೊತ್ತುಕೊಂಡಾದರೂ ಮೆಟ್ಟಿಲು ಹತ್ತಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾಗಮಂಗಲದ ಬಸ್ಸು ಹತ್ತಿದೆ. ಅತ್ತೆಯ ಊರಿನಲ್ಲಿ ಅವರ ಮನೆಯ ಎದುರಿನವರು ನನ್ನನ್ನು ನೋಡಿ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ನಾನು ಬಂದ ಕೆಲಸ ಹೇಳಿದೆ.

"ಅಯ್ಯೋ, ನಿಮ್ಮತ್ತೆ ಯಾರ್ಗವ್ವ ಕೊಟ್ಟವ್ರೆ? ಕೇಳಿ ಕೇಳಿ ಸಾಕಾಗಿ ಬುಟ್ಬುಟ್ಟೊ."

ನನಗೆ ಗೊತ್ತಿತ್ತು. ಆದರೆ ನನಗೆ ಇನ್ನೊಂದು ಆಸೆಯೂ ಇತ್ತು. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎನ್ನುತ್ತಾರಲ್ಲ, ಕೊಡದವರ ಮನೆಯಿಂದ ಹೂವಿನ ಕಡ್ಡಿ ಕಿತ್ತುಕೊಂಡು ಹೋಗುವುದನ್ನು ನಮ್ಮ ಕಡೆ ಯಾರೂ ಕಳ್ಳತನ ಎನ್ನುವುದಿಲ್ಲ. ದಾರಿಯುದ್ದಕ್ಕೂ ನಾನು ದೇವರಲ್ಲಿ ಬೇಡಿದ್ದು ಅದನ್ನೇ: ಯಾರಾದರೂ ಕದ್ದಿರಲಪ್ಪ.

"ಯಾರಾದ್ರೂ ಕಾಣ್ದಂಗೆ ಕಿತ್ಕೊಂಡಿದ್ರೆ ಹೇಳಿ ದೊಡ್ಡಮ್ಮ. ಕಾಲಿಗೆ ಬೀಳ್ತೀನಿ. ನೀವೇನಾದ್ರೂ..."

ಅಷ್ಟು ಹೇಳಿದ್ದೇ ತಡ, ಅವರ ಮುಖ ಬಿಗಿದುಕೊಂಡಿತು.

"ಮಜ್ಗೆ ಕುಡ್ದು ಕಳ್ರು ಅಂತೀಯಲ್ಲ, ನಿಮ್ಮತ್ತೆ ಸೊಸೆ ಅನ್ನದ ತೋರ್ಸ್ಬುಟ್ಟೆ ಬುಡು," ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಬಸ್ಸಿಗೆ ಕಾಯುತ್ತ ಅರಳಿಕಟ್ಟೆಯ ಮೇಲೆ ಕೂತಿದ್ದೆ. ತುಸು ಹೊತ್ತಿಗೆ ಅವರೇ ಸೆರಗು ಹೊದ್ದುಕೊಂಡು ಬಂದರು, ಅತ್ತ ಇತ್ತ ನೋಡಿ ಪಕ್ಕದಲ್ಲಿ ಕೂತರು.

"ಒಂದ್ಸಲ ಕಿತ್ಕಂಡಿದ್ದೆ ಕಣವ್ವ. ನಿಮ್ಮತ್ತೆ ಸಂತೆಗೋಗಿದ್ರು. ಇತ್ಲಲ್ಲಿ ನೆಟ್ಟಿದ್ದೆ, ಒಂದ್ ವರ್ಸ ಊವಾನೂ ಬುಡ್ತು."

ನಾನು ಅವರ ಕೈ ಹಿಡಿದುಕೊಂಡೆ. "ಈಗ?"

"ಎಮ್ಮೆ ಅಗ್ಗ ಬುಚ್ಕೊಂಡು ಬುಡ ಸಮೇತ ಮೇದ್ಬುಡ್ತು. ಮಾಡಿದ್ದುಣ್ಣೋ ಮಾರಾಯ ಅಂತ ನಾನೂ ಸುಮ್ಕಾದೆ."

ನಗು ಬಂತು, ಜೊತೆಗೇ ಅಳುವೂ ಬಂತು. ಬಸ್ಸು ಬಂದಾಗಲೂ ನಾನು ಮೂಗು ಒರೆಸಿಕೊಳ್ಳುತ್ತಲೇ ಇದ್ದೆ. ಆ ದೊಡ್ಡಮ್ಮ ಬಸ್ಸು ತಿರುಗುವವರೆಗೂ ನಿಂತಿದ್ದರು.

ಮುಂಗಾರು ಶುರುವಾಯಿತು. ಇನ್ನು ನೆಡದಿದ್ದರೆ ದೀಪಾವಳಿಗೆ ಹೂವಿಲ್ಲ. ಪಾಂಡವಪುರದ ಒಂದು ನರ್ಸರಿಗೆ ಹೋಗಿ ಸಾಲು ಸಾಲು ಸಸಿಗಳ ಎಲೆ ಹಿಸುಕಿ ಮೂಸಿ ನೋಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೂಸಿದೆ. ಕೊನೆಗೆ ನರ್ಸರಿಯವನು ಹತ್ತಿರ ಬಂದ.

"ಅಕ್ಕ, ಅಂಗೆ ಎಲೆ ಇಸ್ಕುದ್ರೆ ಗಿಡ ಮಾರಕಾಯ್ತದಾ? ಈ ಸಣ್ಣ ಅಳದಿ ತಗಳಿ. ಊವ ಬುಟ್ಟಾಗ ಅಳೇ ತಳಿ ಅಲ್ಲ ಅಂತ ಯಾರೂ ಅನ್ನಾಕಿಲ್ಲ."

ಎಲೆಯ ಅಂಚು ಹಾಗೇ ಇತ್ತು, ಗಿಡದ ಎತ್ತರ ಹಾಗೇ ಇತ್ತು. ವಾಸನೆ ಮಾತ್ರ ಬರೀ ಹಸಿ ಸೊಪ್ಪಿನದು. ಎಂಟು ಸಸಿ ತಂದೆ. ಅತ್ತೆಯ ಬಾನಿಗಳ ಕೊಳೆತ ಮಣ್ಣನ್ನು ಚೆಲ್ಲಿ, ಹೊಸ ಮಣ್ಣು ತುಂಬಿ, ಬಾನಿಗೆ ಎರಡರಂತೆ ನೆಟ್ಟೆ. ತಾರಸಿಯ ಬಿಸಿಲಲ್ಲೇ ಇಟ್ಟೆ. ನಾಲ್ಕು ದಿನಕ್ಕೊಂದು ಚೊಂಬು ನೀರು ಹಾಕಿದೆ. ಕುಡಿ ಚಿವುಟಿದೆ. ಅತ್ತೆ ಹೇಳಿಕೊಟ್ಟಿದ್ದ ಪ್ರತಿಯೊಂದನ್ನೂ ತಪ್ಪದೆ ಮಾಡಿದೆ, ಬೇರೆ ಯಾರದೋ ಗಿಡಕ್ಕೆ. ಅವು ಪೊದೆಯಾಗಿ ತುಂಬಿಕೊಂಡು ಬಂದವು. ಅವು ಚೆನ್ನಾಗಿ ಬಂದಷ್ಟೂ ನನಗೆ ಸಂಕಟ ಹೆಚ್ಚಾಗುತ್ತಿತ್ತು.

ಮಳೆ ಕಳೆಯಲಿ ಎಂದೆ, ಗಣಪತಿ ಹಬ್ಬ ಆಗಲಿ ಎಂದೆ, ದಸರಾ ರಜೆಗೆ ಎಂದೆ. ಅತ್ತೆ ಕೇಳುವುದನ್ನು ಕ್ರಮೇಣ ನಿಲ್ಲಿಸಿದರು. ಯಾವಾಗ ಬರುತ್ತೀಯ ಎಂದು ಕೇಳುತ್ತಿರಲಿಲ್ಲ, ಸೇವಂತಿಗೆ ಹೇಗಿದೆ ಎಂದಷ್ಟೇ ಕೇಳುತ್ತಿದ್ದರು. ಅದು ನನಗೆ ಇನ್ನೂ ಹಿಂಸೆ. ಗಿಡದಲ್ಲಿ ಮೊಗ್ಗು ಮೂಡಿದ ಮೇಲೆ, ದೀಪಾವಳಿಗೆ ಮೂರು ದಿನವಿರುವಾಗ ಹೋಗಿ ಕರೆತಂದೆವು.

ಮೆಟ್ಟಿಲು ಎತ್ತರವೇನೂ ಆಗಲಿಲ್ಲ. ಗಂಡ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡರೆ ನಾಲ್ಕು ನಿಮಿಷದ ಕೆಲಸ. ಅತ್ತೆ ಅರ್ಧಕ್ಕರ್ಧ ಇಳಿದುಹೋಗಿದ್ದರು. ಹಿಡಿದ ರಟ್ಟೆಯಲ್ಲಿ ಮೂಳೆಯೇ ಸಿಕ್ಕುತ್ತಿತ್ತು. ಕೈಕಾಲು ತೊಳೆದವರೇ ತಾರಸಿಗೆ ಹೋಗಬೇಕು ಎಂದರು.

"ನಾಳೆ ನೋಡಿದ್ರಾಯ್ತು ಅತ್ತೆ, ಆಯಾಸ ಆಗದೆ."

"ಏಳು ತಿಂಗ್ಳು ನಾಳೆ ಅಂದೆಯಲ್ಲಮ್ಮಿ, ಸಾಲ್ದಾ?"

ಇಬ್ಬರೂ ಹಿಡಿದು ತಾರಸಿಗೂ ಹತ್ತಿಸಿದೆವು, ಕುರ್ಚಿ ಹಾಕಿ ಬಾನಿಯ ಪಕ್ಕ ಕೂರಿಸಿದೆ. ಅವರ ಕಣ್ಣಿಗೆ ಪೊರೆ ಬಂದಿತ್ತು, ಮೊಗ್ಗುಗಳನ್ನು ಬೆರಳಲ್ಲಿ ಸವರಿ ಎಣಿಸುವವರಂತೆ ಮಾಡಿದರು. ಮುಖದಲ್ಲಿ ನಗು ಇತ್ತು. ಆಮೇಲೆ ಅವರು ಒಂದು ಎಲೆ ಚಿವುಟಿದರು, ಹಿಸುಕಿದರು, ಬೆರಳನ್ನು ಮೂಗಿನ ಹತ್ತಿರ ತಂದರು. ಇನ್ನೊಂದು ಎಲೆ ಚಿವುಟಿದರು. ಪಕ್ಕದ ಬಾನಿಗೆ ಕೈ ಚಾಚಿ ಅದರದೂ ಚಿವುಟಿದರು. ನಗು ಹೋಯಿತು.

ಬೈಯಲಿ ಎಂದು ಕಾದೆ. ಜೋರು ಬಾಯಿ ಅವರದು, ನನ್ನದಕ್ಕಿಂತ ಜೋರು.

"ನೀರು ಜಾಸ್ತಿ ಆಯ್ತಾ?" ಎಂದರು.

ನಾನು ಅಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದೆ. ನೆರಳಿಗೆ ಇಟ್ಟದ್ದು, ಕೊಳೆತದ್ದು, ಐದನೆಯ ಕಂದು, ನಾಗಮಂಗಲ, ಎಮ್ಮೆ, ಪಾಂಡವಪುರ. ಹೂವಿಗೆ ಹೆದರಿ ಅವರನ್ನು ಕರೆತರದೆ ಇದ್ದದ್ದನ್ನೂ ಹೇಳಿದೆ. ಅದಕ್ಕಿಂತ ಮೊದಲು ಯಾಕೆ ಕಳಿಸಿದೆ ಎನ್ನುವುದನ್ನು ಮಾತ್ರ ಹೇಳಲಾಗಲಿಲ್ಲ. ಅತ್ತೆ ನನ್ನ ತಲೆಯ ಮೇಲೆ ಕೈ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಲೆಯ ಚೂರುಗಳನ್ನು ಬಾನಿಯೊಳಕ್ಕೇ ಹಾಕಿದರು.

"ನಾನೇ ಕೆಟ್ಟವ್ಳು. ಅವ್ಳು ಒದ್ದೆ ಬಟ್ಟೇಲಿ ಸುತ್ಕಂಡಿದ್ಲಲ್ಲ, ಅವತ್ತು ಬುಟ್ಟಿದ್ರೆ ಇವತ್ತು ಅವ್ಳ ಮನೇಲಾದ್ರೂ ಇರದು." ಬಾನಿಯ ಅಂಚು ಸವರುತ್ತ ಅಂದರು, "ಸಾಯಗಂಟ ನೋಡ್ಕಂಡವ್ಳು ಅವ್ಳು."

ಸಾಯುವವರೆಗೆ. ಅವರು ಬದುಕಿಯೇ ಇದ್ದರು, ನನ್ನೆದುರೇ ಕೂತಿದ್ದರು.

ಸಂಜೆ ಕಾಫಿಯ ಹೊತ್ತಿಗೆ ಸರಿಯಾಗಿ ನಾದಿನಿಯ ಫೋನು ಬಂತು. ಅವ್ವ ಕ್ಷೇಮವಾಗಿ ತಲುಪಿದರೇ ಎಂದು ಕೇಳಲು ಮಾಡಿದ್ದಳು. ಅತ್ತೆಗೆ ಕಿವಿ ಮಂದವಾದ್ದರಿಂದ ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಒಲೆಯ ಮುಂದೆ ಬೆನ್ನು ಮಾಡಿ ನಿಂತೆ. ಊವ ನಿಂಗೆ, ಅವ್ವ ನಂಗೆ ಎಂದವಳು ಅವಳು. ಅವಳಿಗೆ ಗೊತ್ತಾದರೆ ಈ ಜನ್ಮದಲ್ಲಿ ನಾನು ಆ ಮನೆಯ ಹೊಸಿಲು ತುಳಿಯುವ ಹಾಗಿರಲಿಲ್ಲ.

"ಮೇಲಕ್ಕೋಗಿ ನೋಡ್ದಾ ಅವ್ವ? ಎಂಗವೆ ನಿನ್ ಸೇವಂತ್ಗೆ?"

ಅತ್ತೆ ನನ್ನ ಬೆನ್ನನ್ನು ನೋಡುತ್ತಿದ್ದರೆಂದು ತಿರುಗದೆಯೇ ಗೊತ್ತಾಯಿತು.

"ಚೆನ್ನಾಗವೆ ಕಣ್ ಮಗಾ," ಎಂದರು. "ಚಿಗುರ್ತಾ ಅವೆ."

ಏಳು ತಿಂಗಳು ನಾನು ಹೇಳಿದ ಮಾತು, ಒಂದಕ್ಷರ ಆಚೀಚೆಯಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು, ನನ್ನ ಕೈ ಏಳಲಿಲ್ಲ.

"ಅಂಗಾದ್ರೆ ಈಗ್ಲಾದ್ರೂ ನಂಗೊಂದು ಕಂದು ಕೊಡವ್ವ," ಎಂದಳು ನಾದಿನಿ. ನಗುನಗುತ್ತಲೇ ಕೇಳಿದಳು, ಇಲ್ಲ ಎನ್ನಿಸಿಕೊಂಡು ಅಭ್ಯಾಸವಿದ್ದವಳ ಹಾಗೆ.

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ, "ಕೊಡಾನ ಬುಡು. ನಿಮ್ಮತ್ಗೆ ಕೊಡ್ತಾಳೆ," ಎಂದು ಫೋನನ್ನು ನನ್ನ ಕಡೆ ಚಾಚಿದರು.

ನಾನು ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ. ಆ ಕಡೆ ನಾದಿನಿಯ ದನಿ ಚಿಕ್ಕ ಹುಡುಗಿಯ ದನಿಯಾಗಿತ್ತು.

"ಅತ್ಗೆ, ಕೇಳುಸ್ತಾ? ಅವ್ವ ಒಪ್ಕಂಬುಡ್ತು! ಯಾವತ್ ಬರ್ಲಿ ಯೋಳು?"